ಬಾಡದ ಸಾಲು

ಗಿಡ ಬಾಡಲಿ ಎಂದು ಹಾರೈಸುತ್ತಾ ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವವರು ನನ್ನನ್ನು ಬಿಟ್ಟರೆ ಇನ್ನೆಷ್ಟು ಜನ ಇದ್ದಾರೋ ಗೊತ್ತಿಲ್ಲ. ನನಗೆ ಸಂಬಳ ಕೊಡುವುದೇ ಅದಕ್ಕೆ. ನಮ್ಮ ಬೀಜ ಕೇಂದ್ರದ ಹಿಂಭಾಗದಲ್ಲಿ, ಅಡುಗೆಮನೆಯ ಹಿಂಬಾಗಿಲಿನಿಂದ ಶುರುವಾಗಿ ಬೇಲಿಯವರೆಗೆ ಒಂದು ಉದ್ದನೆಯ ತಾಕು ಇದೆ. ಒಣ ತಾಕು ಅಂತಲೇ ಅದರ ಹೆಸರು. ಅಲ್ಲಿ ಮುಸುಕಿನ ಜೋಳ ಬಿತ್ತಿ, ಹೊಟ್ಟೆ ತುಂಬಾ ನೀರು ಕೊಟ್ಟು ಬೆಳೆಸಿ, ಇನ್ನೇನು ಹೂ ಬಿಡಬೇಕು ಅನ್ನುವ ಹೊತ್ತಿಗೆ ನೀರು ನಿಲ್ಲಿಸಿಬಿಡುತ್ತೇನೆ. ಆಮೇಲೆ ಯಾವ ತಳಿ ಕೈಚೆಲ್ಲುತ್ತದೆ, ಯಾವುದು ತಡೆದುಕೊಳ್ಳುತ್ತದೆ ಎಂದು ನೋಡುತ್ತಾ ಕೂರುತ್ತೇನೆ. ಕೆಲಸದವರು ಬೆನ್ನ ಹಿಂದೆ ನನ್ನನ್ನು ಮಲತಾಯಿ ಅನ್ನುತ್ತಾರೆ. ಒಬ್ಬಿಬ್ಬರು ಎದುರಿಗೇ ಅನ್ನುತ್ತಾರೆ.

ಈ ಸಲ ಗಿಡ ಬಾಡುತ್ತಿರಲಿಲ್ಲ.

ಎಲ್ಲಾ ಗಿಡವೂ ಬಾಡಬೇಕು ಅಂತ ನನ್ನ ಹಟವಲ್ಲ. ನನಗೆ ಬೇಕಾಗಿದ್ದದ್ದು ರಾಣಿ ಬಾಡುವುದು. ರಾಣಿ ಅಂದರೆ ಸುತ್ತಮುತ್ತಲಿನ ರೈತರೆಲ್ಲಾ ಬಿತ್ತುವ ಹಳೇ ತಳಿ. ನೀರಿದ್ದರೆ ನಿಜವಾಗಿಯೂ ರಾಣಿಯೇ. ಆದರೆ ಈಗೀಗ ಮಳೆ ಹೂ ಬಿಡುವ ವಾರದಲ್ಲೇ ಕೈಕೊಡುತ್ತದೆ. ಗಿಡದ ನೆತ್ತಿಯಲ್ಲಿರುವ ಸೂಲಂಗಿ ಹೊತ್ತಿಗೆ ಸರಿಯಾಗಿ ಬಂದು ಪರಾಗ ಉದುರಿಸಿ ಮುಗಿಸುತ್ತದೆ. ತೆನೆಯ ತುದಿಯ ರೇಷ್ಮೆ ಕೂದಲು ಮಾತ್ರ ಬಾಯಾರಿಕೆಗೆ ಹೆದರಿ ಒಳಗೇ ಅವಿತು ಕೂರುತ್ತದೆ. ಕೂದಲು ಹೊರಗೆ ಬರುವಷ್ಟರಲ್ಲಿ ಪರಾಗ ಖಾಲಿ. ಪರಾಗ ತಾಗದ ಕೂದಲಿಗೆ ಕಾಳಿಲ್ಲ. ಕೊಯ್ದು ಸಿಪ್ಪೆ ಸುಲಿದರೆ ಬೊಕ್ಕಬಾಯಿಯ ತೆನೆ, ಅಲ್ಲೊಂದು ಇಲ್ಲೊಂದು ಹಲ್ಲು. ಹೋದ ವರ್ಷ ನನ್ನ ತಮ್ಮನ ಹೊಲದ ತುಂಬಾ ಅಂಥದ್ದೇ.

ಮೊಂಡಿ ಹಾಗಲ್ಲ. ಮೊಂಡಿ ನಾನು ಕೈಯಾರೆ ಪರಾಗ ಉದುರಿಸಿ, ಚೀಲ ಕಟ್ಟಿ, ವರ್ಷವರ್ಷವೂ ಆರಿಸಿ ಆರಿಸಿ ಮಾಡಿದ ತಳಿ. ನೋಡಲು ಅಂಥಾ ಚೆಲುವೆ ಏನಲ್ಲ, ಎಲೆ ಸಣಕಲು, ಎತ್ತರವೂ ಕಮ್ಮಿ. ಆದರೆ ಮಣ್ಣು ಬಿರುಕು ಬಿಟ್ಟರೂ ಕೂದಲನ್ನು ಹೊತ್ತಿಗೆ ಸರಿಯಾಗಿ ಹೊರಗೆ ಹಾಕುತ್ತಾಳೆ. ಇದು ನನಗೆ ಗೊತ್ತು. ಹೊಸ ತಳಿಗಳನ್ನು ಒಪ್ಪುವ ಸಮಿತಿಗೆ ಗೊತ್ತಾಗಬೇಕಾದರೆ ಒಣ ತಾಕಿನಲ್ಲಿ ರಾಣಿಯ ಪಕ್ಕ ನಿಂತು ಗೆದ್ದು ತೋರಿಸಬೇಕು. ಗೆದ್ದರೆ ಬೀಜ ರೈತರ ಕೈಗೆ ಹೋಗುತ್ತದೆ. ಇಲ್ಲದಿದ್ದರೆ ಶೈತ್ಯ ಕೋಣೆಯ ಡಬ್ಬಿಯೊಳಗೆ ಕೂರುತ್ತದೆ.

ಒಂದು ವರ್ಷ ಬರಬಾರದ ಕಾಲದಲ್ಲಿ ಮಳೆ ಬಂದು ಎಲ್ಲಾ ತೊಯ್ದು ತೊಪ್ಪೆಯಾಯಿತು. ಅದಾದ ಮೇಲೆ ತಾಕಿನ ಮೇಲೆ ಎಳೆಯಲು ಚಕ್ರವಿರುವ ಪ್ಲಾಸ್ಟಿಕ್ ಮಾಡು ಮಾಡಿಸಿದೆ. ಮರುವರ್ಷ ಗಾಳಿ ಆ ಮಾಡನ್ನೇ ಎತ್ತಿಕೊಂಡು ಹೋಗಿ ಪಕ್ಕದ ರಸ್ತೆಗೆ ಹಾಕಿತು. ಈ ಸಲ ಮಳೆಯೂ ಇಲ್ಲ, ಗಾಳಿಯೂ ಇಲ್ಲ. ನೀರು ನಿಲ್ಲಿಸಿ ವಾರಗಳೇ ಆಗಿವೆ. ಆದರೂ ರಾಣಿ ಬೆಳಗ್ಗೆ ಬೆಳಗ್ಗೆ ಎಲೆ ಹರವಿಕೊಂಡು, ತಲೆ ಬಾಚಿ ಪೌಡರ್ ಹಾಕಿಕೊಂಡವಳ ಹಾಗೆ ನಿಂತಿರುತ್ತಿದ್ದಳು. ನೋಡಿದರೆ ಪಿತ್ತ ನೆತ್ತಿಗೇರುತ್ತಿತ್ತು.

ಪ್ರತಿ ತಳಿಯನ್ನೂ ಮೂರು ಕಡೆ ಬಿತ್ತಿದ್ದೆ. ಅಡುಗೆಮನೆಯ ಹತ್ತಿರ ಒಂದು ತುಂಡು, ನಡುವೆ ಒಂದು, ಬೇಲಿಯ ಹತ್ತಿರ ಒಂದು. ಸಾಲಿನ ತುದಿಯಲ್ಲಿ ಬರೀ ನಂಬರಿನ ಚೀಟಿ, ಹೆಸರಿಲ್ಲ. ಬೇಲಿಯ ಹತ್ತಿರ ಮಾತ್ರ ರಾಣಿ ಬಾಡಿ ಹಗ್ಗವಾಗಿದ್ದಳು. ಉಳಿದ ಎರಡು ಕಡೆ ಮೊಂಡಿಗೂ ರಾಣಿಗೂ ವ್ಯತ್ಯಾಸವೇ ಇಲ್ಲ. ಮಣ್ಣಿನ ತೇವ ಅಳೆಯುವ ಕೊಳವೆ ಹೂತಿದ್ದದ್ದು ತಾಕಿನ ನಡುವಿನ ದಾರಿಯಲ್ಲಿ. ಅದು ನೋಡಿದಾಗೆಲ್ಲಾ ಒಣ, ಒಣ, ಒಣ ಅನ್ನುತ್ತಿತ್ತು. ಸಾಲಿನ ಮಣ್ಣೂ ಮೇಲೆ ಬೂದಿಯ ಹಾಗೆ ಒಣಗಿತ್ತು.

ಕೇಂದ್ರದ ಮುಖ್ಯಸ್ಥರನ್ನು ನಾವು ಸಾಹೇಬರು ಅನ್ನುತ್ತೇವೆ. ಒಂದು ದಿನ ಛತ್ರಿ ಹಿಡಿದುಕೊಂಡು ತಾಕಿನ ದಂಡೆಯವರೆಗೆ ಬಂದರು. ಸಾಲಿನೊಳಗೆ ಕಾಲಿಡಲಿಲ್ಲ, ಅವರ ಶೂ ಬಿಳಿ.

"ಎರಡೂ ಒಂದೇ ಥರ ಕಾಣುತ್ತಲ್ರೀ."

"ಬೇಲಿ ಹತ್ರ ನೋಡಿ ಸಾರ್, ಅಲ್ಲಿ ವ್ಯತ್ಯಾಸ ಇದೆ."

"ಆ ತುದಿ ಮಣ್ಣು ಮೊದಲಿಂದಲೂ ಸರಿಯಿಲ್ಲ. ಬರೀ ಗರಸು. ಅದನ್ನ ಲೆಕ್ಕಕ್ಕೆ ತಗೊಂಡರೆ ಸಮಿತಿಯವರು ನಗ್ತಾರೆ." ಛತ್ರಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ನಿಮ್ಮ ಮೊಂಡಿ ಬಗ್ಗೆ ನನಗೆ ಗೌರವ ಇದೆ. ಆದರೆ ಈ ಸಲವೂ ಏನೂ ತೋರಿಸೋಕೆ ಆಗದಿದ್ದರೆ ಈ ಜಾಗ ಹುಲ್ಲುಹಾಸಿನವರಿಗೆ ಹೋಗುತ್ತೆ. ಅವರು ಆಗಲೇ ಎರಡು ಸಲ ಬಂದು ಅಳತೆ ಮಾಡಿಕೊಂಡು ಹೋಗಿದ್ದಾರೆ."

ಹುಲ್ಲುಹಾಸು! ಜನ ತಿನ್ನುವ ಕಾಳಿಗೆ ಜಾಗವಿಲ್ಲ, ಕಾಲಿಟ್ಟು ಓಡಾಡುವ ಹುಲ್ಲಿಗೆ ಇದೆ. ಹಲ್ಲು ಕಚ್ಚಿಕೊಂಡು ಸರಿ ಸಾರ್ ಅಂದೆ. ಆಮೇಲೆ ನೇರವಾಗಿ ನೀರಣ್ಣನನ್ನು ಹುಡುಕಿಕೊಂಡು ಹೋದೆ.

ನೀರಣ್ಣ ಅಂದರೆ ಪಂಪು, ಪೈಪು, ವಾಲ್ವುಗಳ ಉಸ್ತುವಾರಿಯವನು. ವಯಸ್ಸಿನಲ್ಲಿ ನನಗಿಂತ ಹಿರಿಯ, ಮೀಸೆಯಲ್ಲಿ ಇಡೀ ಕೇಂದ್ರಕ್ಕೇ ಹಿರಿಯ. ಅವನಿಗೆ ಗಿಡ ಕಂಡರೆ ಕರುಳು ಚುರುಕ್ ಅನ್ನುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಒಮ್ಮೆ ರಜೆಯ ದಿನ ಬಂದು ಗೇಟಿನ ಪಕ್ಕದ ಹೂಕುಂಡಗಳಿಗೆ ನೀರು ಹಾಕಿ ಹೋಗಿದ್ದ. ಅನುಮಾನ ಬರಲು ಅಷ್ಟು ಸಾಕಾಗಿತ್ತು.

"ಒಣ ತಾಕಿಗೆ ಯಾರು ನೀರು ಬಿಡ್ತಿರೋದು?" ಎಂದು ಕೇಳಿದೆ. ಪೀಠಿಕೆ ಗೀಠಿಕೆ ನನಗೆ ಬರುವುದಿಲ್ಲ.

"ಯಾರೂ ಬಿಡ್ತಿಲ್ಲ ಮೇಡಂ."

"ನೀರಿಲ್ಲದೆ ಅದು ಹೇಗೆ ಹಸಿರಾಗಿರುತ್ತೆ? ಗಾಳಿ ಕುಡಿದಾ?"

"ನನ್ನನ್ನ ಕೇಳಿದ್ರೆ? ಆ ವಾಲ್ವಿಗೆ ನೀವೇ ಅಲ್ವಾ ಬೀಗ ಹಾಕಿಸಿದ್ದು?"

"ಬೀಗದ ಕೀಲಿ ಇರೋದು ನಿಮ್ಮ ಹತ್ರ."

ಅವನು ಸೊಂಟದ ಕೀಲಿ ಗೊಂಚಲು ಬಿಚ್ಚಿ ನನ್ನ ಅಂಗೈಗೆ ಹಾಕಿದ. ಪಂಪಿನ ಮನೆ, ಟ್ಯಾಂಕು, ವಾಲ್ವುಗಳು, ಗೊಬ್ಬರದ ಕೋಣೆ, ಎಲ್ಲಾ ಅದರಲ್ಲೇ. "ಇನ್ಮೇಲೆ ನೀವೇ ಬಿಟ್ಕೊಳ್ಳಿ" ಎಂದು ಹೇಳಿ ಮುಖ ಊದಿಸಿಕೊಂಡು ಮರದ ಕೆಳಗೆ ಹೋಗಿ ಕುಳಿತ. ಅಂದಿನಿಂದ ಕೇಂದ್ರದಲ್ಲಿ ಯಾರಿಗೆ ಯಾವ ನಲ್ಲಿ ತಿರುಗಿಸಬೇಕಿದ್ದರೂ ನನ್ನ ಹತ್ತಿರ ಬರಬೇಕಾಯಿತು. ಜುಂಯ್ ಜುಂಯ್ ಎಂದು ಕೀಲಿ ಸದ್ದು ಮಾಡಿಕೊಂಡು ನಾನು ತಿರುಗುವುದನ್ನು ಅವನು ಮರದ ಕೆಳಗಿನಿಂದ ನೋಡಿ ಮಜಾ ತೆಗೆದುಕೊಳ್ಳುತ್ತಿದ್ದ.

ಕೀಲಿ ನನ್ನ ಹತ್ತಿರ ಬಂದ ಮೇಲೂ ರಾಣಿ ಹಸಿರಾಗಿಯೇ ಇದ್ದಳು. ಹಾಗಾದರೆ ನೆಲದಡಿಯ ಪೈಪು ಸೋರುತ್ತಿರಬೇಕು ಎಂದುಕೊಂಡು ಉದ್ದಕ್ಕೂ ಅಗೆಸಿದೆ. ಕೆಲಸದವರು ಬಯ್ದುಕೊಂಡೇ ಅಗೆದರು. ಪೈಪಿನ ಮೇಲೆ ಒಂದು ಹನಿ ಬೆವರೂ ಇರಲಿಲ್ಲ. ಅಗೆದದ್ದನ್ನೆಲ್ಲಾ ಮತ್ತೆ ಮುಚ್ಚಿಸಿದೆ. ಮುಚ್ಚುವಾಗ ಅವರು ಇನ್ನೂ ಜಾಸ್ತಿ ಬಯ್ದರು.

ಅಡುಗೆಮನೆಯ ವಿಷಯ ಹೇಳಬೇಕು. ಕೇಂದ್ರದ ಕೆಲಸದವರಿಗೆಲ್ಲಾ ಮಧ್ಯಾಹ್ನದ ಊಟ ಬೇಯಿಸುವುದು ನನ್ನ ಅಮ್ಮ. ನಾನು ಇಲ್ಲಿಗೆ ಅಧಿಕಾರಿಯಾಗಿ ಬರುವುದಕ್ಕೆ ಎಷ್ಟೋ ಮೊದಲಿನಿಂದ ಅವಳು ಇಲ್ಲಿದ್ದಾಳೆ. ಆ ಒಲೆಯ ಮುಂದೆ ನಿಂತೇ ನನ್ನನ್ನೂ ತಮ್ಮನನ್ನೂ ಓದಿಸಿದ್ದು. ಈಗ ಸಾಕು ಬಿಡು, ಮಂಡಿ ನೋವು ಬೇರೆ ಎಂದರೆ ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ. ಎಲ್ಲರಿಗೂ ಅವಳು ದೊಡ್ಡಮ್ಮ. ಸಾಹೇಬರೂ ದೊಡ್ಡಮ್ಮ ಅನ್ನುತ್ತಾರೆ. ನಾನೊಬ್ಬಳೇ ಅಲ್ಲಿ ಅಮ್ಮ ಅನ್ನಲು ನಾಚಿ, ಊಟವನ್ನು ನನ್ನ ಮೇಜಿಗೇ ತರಿಸಿಕೊಂಡು ತಿನ್ನುತ್ತಿದ್ದೆ.

ಸಂಜೆ ಮನೆಯಲ್ಲಿ ಅವಳ ಮಂಡಿಗೆ ಎಣ್ಣೆ ಹಚ್ಚುವ ಹೊತ್ತಿಗೆ ಸರಿಯಾಗಿ ತಮ್ಮನ ಫೋನು ಬರುತ್ತದೆ. ನಮ್ಮ ಹೊಲ ನೋಡಿಕೊಳ್ಳುವವನು ಅವನು. ಬೋರ್ ಕೆಟ್ಟರೆ ಅಮ್ಮನಿಗೆ ಫೋನು, ಹೆಂಡತಿಯ ಜತೆ ಮಾತು ಬಿಟ್ಟರೆ ಅಮ್ಮನಿಗೆ ಫೋನು, ಹಲ್ಲುನೋವಿಗೂ ಅಮ್ಮನಿಗೇ ಫೋನು. ಹೋದ ವರ್ಷ ತೆನೆ ಬೊಕ್ಕಾದಾಗ ಅಮ್ಮ ಕೆಲಸಕ್ಕೆ ರಜೆ ಹಾಕಿ ಹೋಗಿ ಅವನ ಮನೆಯಲ್ಲೇ ಕೂತಿದ್ದಳು. ಅದೇ ಸಮಯದಲ್ಲಿ ಇತ್ತ ನನ್ನ ಮಾಡು ಹಾರಿಹೋಗಿತ್ತು. ಫೋನಿನಲ್ಲಿ ಹೇಳಿದ್ದಕ್ಕೆ, "ಹೌದಾ, ಇನ್ನೊಂದು ಮಾಡಿಸ್ಕೋ" ಅಂದಿದ್ದಳು.

ಪೈಪು ಅಗೆಸಿದ ದಿನ ಸಂಜೆ ಫೋನು ಎತ್ತಿದ ನನ್ನನ್ನೇ ತಮ್ಮ ಕೇಳಿದ. "ಅಕ್ಕ, ನಿನ್ನ ಮೊಂಡಿ ಬೀಜ ಮುಂದಿನ ಬಿತ್ತನೆಗಾದ್ರೂ ಸಿಗುತ್ತಾ?"

"ಸಮಿತಿ ಒಪ್ಪಿದರೆ ಸಿಗುತ್ತೆ."

"ಒಪ್ಪದಿದ್ರೆ?"

"ರಾಣಿಯನ್ನೇ ಬಿತ್ತು. ಬೊಕ್ಕ ತೆನೆ ಕೊಯ್ಯಿ. ಆಮೇಲೆ ಅಮ್ಮನಿಗೆ ಫೋನ್ ಮಾಡು."

ಅಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು ಅವನನ್ನು ಸಮಾಧಾನ ಮಾಡಿದಳು. ಇಟ್ಟ ಮೇಲೆ ನನ್ನ ಕಡೆ ತಿರುಗಿ, "ಅವನ ಮೇಲೆ ಯಾಕೆ ಹರಿಹಾಯ್ತೀಯ? ಪಾಪದವನು. ನಿನಗೇನು, ನೀನು ಹೇಗೋ ನಿಭಾಯಿಸ್ತೀಯ" ಅಂದಳು. ಈ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದಿದ್ದೇನೆ. ಎಣ್ಣೆ ಬಟ್ಟಲು ಕುಕ್ಕಿ ಎದ್ದುಹೋದೆ.

ಸಮಿತಿ ಬರುವ ವಾರ. ಸಾಲಿನ ತುದಿಯ ಚೀಟಿಗಳು ಬಿಸಿಲಿಗೆ ಬಿಳಿಚಿಕೊಂಡಿದ್ದವು. ಹೊಸದು ಕಟ್ಟೋಣ ಎಂದು ಊಟದ ಹೊತ್ತಿನಲ್ಲಿ ತಾಕಿಗೆ ಹೋದೆ. ಸಾಮಾನ್ಯವಾಗಿ ನಾನು ಆ ಹೊತ್ತಿನಲ್ಲಿ ಅಲ್ಲಿಗೆ ಹೋಗುವುದಿಲ್ಲ. ಕೆಲಸದವರು ಊಟ ಮುಗಿಸಿ ಮರದ ಕೆಳಗೆ ಅಡ್ಡಾಗಿರುತ್ತಾರೆ, ನಾನು ಮೇಜಿನ ಮುಂದೆ ಇರುತ್ತೇನೆ. ನಡುವಿನ ತುಂಡಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ದಾರ ಕಟ್ಟುತ್ತಿದ್ದಾಗ ಅಡುಗೆಮನೆಯ ಹಿಂಬಾಗಿಲು ಕಿರ್ ಎಂದಿತು.

ಅಮ್ಮ ಎರಡು ಕೈಯಲ್ಲೂ ಬಕೆಟ್ ಹಿಡಿದುಕೊಂಡು, ಮಂಡಿನೋವಿಗೆ ವಾಲಾಡುತ್ತಾ ಬಂದಳು. ತರಕಾರಿ ತೊಳೆದ ನೀರು, ಪಾತ್ರೆ ಅಲುಬಿದ ನೀರು. ಸೀದಾ ರಾಣಿಯ ಸಾಲಿಗೆ ಬಂದು ಬುಡಬುಡಕ್ಕೂ ಸುರಿದಳು. ಖಾಲಿಯಾದ ಮೇಲೆ ಒಳಗೆ ಹೋಗಿ ಮತ್ತೆ ತುಂಬಿಕೊಂಡು ಬಂದಳು, ಮತ್ತೂ ಒಮ್ಮೆ ಬಂದಳು. ಸುರಿದಾದ ಮೇಲೆ ಪಾದದಿಂದ ಪಕ್ಕದ ಒಣ ಮಣ್ಣನ್ನು ಎಳೆದೆಳೆದು ಹಸಿಯ ಮೇಲೆ ಮುಚ್ಚಿದಳು. ನೀರು ಬಿಸಿಲಿನ ಪಾಲಾಗಬಾರದು ಎಂದು ಅವಳು ಯಾವತ್ತೂ ಹಾಗೆಯೇ ಮಾಡುವುದು. ನಮ್ಮ ಮನೆಯ ಕರಿಬೇವಿನ ಗಿಡಕ್ಕೂ ಹಾಗೆಯೇ. ಚಿಕ್ಕಂದಿನಲ್ಲಿ ಆ ಮಣ್ಣು ಎಳೆಯುವ ಕೆಲಸ ನನ್ನದಾಗಿತ್ತು. ಬೂದಿಯ ಹಾಗೆ ಒಣಗಿದ ಆ ಮಣ್ಣನ್ನು ದಿನಾ ಕೈಯಲ್ಲಿ ಮುಟ್ಟಿ ನೋಡಿದ್ದೆ, ಒಂದು ಬೆರಳು ಕೆಳಗೆ ಕೆದಕಿರಲಿಲ್ಲ.

"ಕುಡೀರಮ್ಮಾ, ಕುಡೀರಿ" ಎಂದು ಗಿಡಗಳಿಗೆ ಹೇಳುತ್ತಾ ನಡುವಿನ ತುಂಡಿಗೂ ಬಂದಳು. ನನ್ನನ್ನು ನೋಡಿ ಬೆಚ್ಚಲಿಲ್ಲ. "ಊಟ ಮಾಡ್ಲಿಲ್ವೇನೇ?" ಅಂದಳು.

ನಾನು ಎದ್ದು ನಿಂತೆ. ಕೈಯಲ್ಲಿದ್ದ ಚೀಟಿಗಳೆಲ್ಲಾ ಕೆಳಗೆ ಬಿದ್ದವು.

"ಅಮ್ಮ, ಇದಕ್ಕೆ ನೀರು ಹಾಕಬಾರದು ಅಂತ ಗೊತ್ತಿಲ್ವಾ ನಿನಗೆ?"

"ಪೈಪಿನ ನೀರು ಬಿಡಬಾರದು ಅಂತ ತಾನೇ ನೀನು ಹೇಳಿದ್ದು? ಇದು ಚೆಲ್ಲೋ ನೀರು. ಮೋರಿಗೆ ಹೋಗೋದರ ಬದಲು ಪಾಪ ಇವು ಕುಡೀಲಿ ಅಂತ. ಹೇಗೆ ಬಾಡಿ ಹೋಗಿದ್ವು ಗೊತ್ತಾ?"

ಬೇಲಿಯ ಹತ್ತಿರದ ತುಂಡಿಗೆ ಯಾಕೆ ಹಾಕಲಿಲ್ಲ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಅಷ್ಟು ದೂರ ಬಕೆಟ್ ಹೊತ್ತುಕೊಂಡು ಹೋಗಲು ಅವಳ ಮಂಡಿ ಬಿಡುತ್ತಿರಲಿಲ್ಲ. ನನ್ನ ಕಣ್ಣು ಪಕ್ಕದ ಸಾಲಿನ ಮೇಲೆ ಬಿತ್ತು.

"ಇದಕ್ಕೆ ಯಾಕೆ ಹಾಕಲಿಲ್ಲ?"

ಅದು ಮೊಂಡಿ. ಅಮ್ಮ ಅದರ ಕಡೆ ಒಮ್ಮೆ ನೋಡಿದಳು.

"ಅದು ನೆಟ್ಟಗೆ ನಿಂತಿದೆಯಲ್ಲ. ಅದಕ್ಕೇನೂ ಬೇಕಾಗಿಲ್ಲ."

"ಒಂದು ದಿನವೂ ಹಾಕಿಲ್ವಾ?"

"ಇಲ್ಲ ಕಣೇ. ಬಾಡಿದ್ರೆ ತಾನೇ ಹಾಕೋದು? ಅದು ಹೇಗೋ ನಿಭಾಯಿಸುತ್ತೆ."

ಆಗ ನಾನು ವಿಜ್ಞಾನಿಯ ಹಾಗೆ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಮೈಯೆಲ್ಲಾ ಉರಿದು ಹೋಯಿತು. ಎಷ್ಟು ವರ್ಷಗಳಿಂದ ಒಳಗೆ ಕೂತಿತ್ತೋ, ಬಾಯಿಗೆ ಬಂದಿದ್ದೆಲ್ಲಾ ಹೊರಗೆ ಬಂತು.

"ನೆಟ್ಟಗೆ ನಿಂತೋರಿಗೆ ಬಾಯಾರಿಕೆ ಆಗಲ್ವಾ ಅಮ್ಮ? ನಿಂತಿರೋದೇ ತಪ್ಪಾ? ಅಪ್ಪ ಹೋದ ದಿನ ಬಂದೋರೆಲ್ಲಾ ತಮ್ಮನ ತಲೆ ಸವರಿದ್ರು. ನನಗೆ, ಬಂದೋರಿಗೆ ಕುರ್ಚಿ ಹಾಕು ಅಂದೆ ನೀನು. ನಾನೂ ಹಾಕಿದೆ. ಎಲ್ಲರಿಗೂ ಕುರ್ಚಿ ಹಾಕಿ ನಾನು ನಿಂತಿದ್ದೆ. ಅಪ್ಪ ನನಗೂ ಅಪ್ಪ ಅಲ್ವಾ? ನನ್ನ ಮಾಡು ಹಾರಿಹೋಯ್ತು ಅಂದ್ರೆ ಇನ್ನೊಂದು ಮಾಡಿಸ್ಕೋ ಅಂತೀಯ. ಅವನಿಗೆ ಹಲ್ಲು ನೋವು ಅಂದ್ರೆ ರಜೆ ಹಾಕಿ ಓಡ್ತೀಯ. ಈಗ ನನ್ನ ತಾಕಿಗೂ ಬಂದು ಅದನ್ನೇ ಮಾಡಿದ್ದೀಯಲ್ಲ! ಬಾಡಿದ್ದಕ್ಕೆಲ್ಲಾ ಕುಡಿಸಿ ಕುಡಿಸಿ ನಿಲ್ಲಿಸಿದ್ದೀಯ. ಇನ್ನು ಇವಳು ನಿಂತಿರೋದು ಯಾರ ಕಣ್ಣಿಗೆ ಬೀಳುತ್ತೆ?"

ಅಮ್ಮ ಬಕೆಟ್ ಕೆಳಗಿಟ್ಟಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದು ನನ್ನನ್ನು ಇನ್ನೂ ಕೆರಳಿಸಿತು.

"ನೀನು ಯಾವತ್ತಾದ್ರೂ ಬೇಕು ಅಂತ ಕೇಳಿದ್ದೀಯೇನೇ?" ಎಂದು ಕೇಳಿದಳು. "ಅವನು ಅಳ್ತಾನೆ, ನನಗೆ ಗೊತ್ತಾಗುತ್ತೆ. ನಿನ್ನ ಮುಖ ನೋಡಿ ನಾನು ಏನು ಅಂತ ತಿಳ್ಕೊಳ್ಳಲಿ?"

ನಾನು ಬಗ್ಗಿ, ಬಿದ್ದ ಚೀಟಿಗಳನ್ನು ಆರಿಸತೊಡಗಿದೆ. ಅವಳು ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ಹಿಂಬಾಗಿಲಿನ ಚಿಲಕ ಹಾಕಿದ ಸದ್ದು ಕೇಳಿತು.

ಆಮೇಲೆ ಮನೆಯಲ್ಲಿ ಮಾತಿಲ್ಲ. ತಟ್ಟೆ ಇಡುತ್ತಿದ್ದಳು, ತಿನ್ನುತ್ತಿದ್ದೆ. ತಮ್ಮನ ಫೋನು ಬಂದರೆ ಎದ್ದು ಹೊರಗೆ ಹೋಗಿ ಮಾತಾಡುತ್ತಿದ್ದಳು.

ನೀರಣ್ಣನ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವನು ಮೀಸೆ ತಿರುವಿದ. "ಕೀಲಿ ಭಾರ ಆಯ್ತಾ ಮೇಡಂ?"

"ಆಯ್ತು. ತಗೊಳ್ಳಿ."

"ನೀರು ಹಾಕಿದ್ದು ಯಾರು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು."

"ಯಾರು?"

ಅಡುಗೆಮನೆಯ ಕಡೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಹೆಸರು ಹೇಳಿದರೆ ಸಂಜೆಯೊಳಗೆ ಸಾಹೇಬರ ಕಿವಿಗೆ ಬೀಳುತ್ತದೆ. ಅಮ್ಮನ ಒಲೆ ಆರುತ್ತದೆ. ನಾನು ಕೀಲಿ ಚಾಚಿಕೊಂಡೇ ನಿಂತೆ.

"ಹಾಗಾದ್ರೆ ಕೀಲಿ ನಿಮ್ಮ ಹತ್ರಾನೇ ಇರಲಿ" ಅಂದ ನೀರಣ್ಣ. "ನೀವು ಹೆಸರು ಹೇಳೋತನಕ ಊರಿನ ಬಾಯಲ್ಲಿ ಕಳ್ಳ ನಾನೇ."

ಸಮಿತಿಯವರು ಬಿಸಿಲು ಏರಿದ ಮೇಲೆಯೇ ಬಂದರು. ಮೂರು ಜನ. ಅಧ್ಯಕ್ಷೆ ಕನ್ನಡಕವನ್ನು ನೆತ್ತಿಯ ಮೇಲೆ ಏರಿಸಿಕೊಂಡಿದ್ದ ಹಿರಿಯ ಹೆಂಗಸು, ಎಲ್ಲವನ್ನೂ ಎರಡು ಸಲ ಕೇಳುವವರು. ಉಳಿದಿಬ್ಬರು ಅವರು ಗೋಣು ಆಡಿಸಿದಾಗ ಆಡಿಸುವವರು. ಕೆಲಸದವರೆಲ್ಲಾ ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ನೀರಣ್ಣ ಕೈಕಟ್ಟಿ ನಿಂತಿದ್ದ. ನಾನು ಮೂರೂ ತುಂಡಿನಿಂದ ತೆನೆ ಮುರಿಸಿ, ತಾಡಪತ್ರಿಯ ಮೇಲೆ ಗುಡ್ಡೆ ಹಾಕಿಸಿ, ಅವರ ಎದುರಿಗೇ ಸಿಪ್ಪೆ ಸುಲಿಸಿದೆ.

ಬೇಲಿಯ ಹತ್ತಿರದ ರಾಣಿ, ಬೊಕ್ಕಬಾಯಿ. ಅಲ್ಲಿಯದೇ ಮೊಂಡಿ, ತುದಿಯವರೆಗೆ ಕಾಳು. ಉಳಿದ ಎರಡು ತುಂಡುಗಳಲ್ಲಿ ರಾಣಿಯೂ ತುಂಬಿದ್ದಳು, ಮೊಂಡಿಯೂ ತುಂಬಿದ್ದಳು.

"ಮೂರರಲ್ಲಿ ಒಂದು ಕಡೆ ಮಾತ್ರ ವ್ಯತ್ಯಾಸ" ಅಂದರು ಅಧ್ಯಕ್ಷೆ.

"ಹೌದು ಮೇಡಂ. ಉಳಿದ ಎರಡು ಕಡೆ ರಾಣಿಗೆ ನೀರು ಸೇರಿದೆ. ಮೊಂಡಿಗೆ ಸೇರಿಲ್ಲ." ಹೇಳಬೇಕೆಂದುಕೊಂಡಿದ್ದಕ್ಕಿಂತ ಜೋರಾಗಿ ಹೇಳಿದೆ. "ನೀರು ಕುಡಿದ ರಾಣಿಯ ಸಮಕ್ಕೆ ನೀರಿಲ್ಲದ ಮೊಂಡಿ ನಿಂತಿದ್ದಾಳೆ. ಈ ತಾಕಿನಿಂದ ಇದಕ್ಕಿಂತ ಹೆಚ್ಚಿಗೆ ಏನು ತೋರಿಸೋಕೆ ಸಾಧ್ಯ?"

"ನೀರು ಸೇರಿದೆ ಅಂದ್ರೆ? ಯಾರು ಹಾಕಿದ್ದು?"

ಸಾಹೇಬರು ತಟ್ಟನೆ ನೀರಣ್ಣನ ಕಡೆ ನೋಡಿದರು. ಎಲ್ಲರೂ ಅವನ ಕಡೆ ನೋಡಿದರು. ಅವನು ನನ್ನ ಕಡೆ ನೋಡಿದ. ಅಮ್ಮ ಎಂದು ಹೇಳಬೇಕು. ಇಷ್ಟು ವರ್ಷ ಅಲ್ಲಿ ಹೇಳಲು ನಾಚಿದ ಆ ಮಾತನ್ನು ಈಗ ಇದಕ್ಕಾಗಿ ಹೇಳಬೇಕಾಗಿ ಬಂದಿತ್ತು.

"ನಾನು ಹಾಕಿದ್ದು" ಎಂದಿತು ಹಿಂದಿನಿಂದ ಒಂದು ದನಿ. ಅಮ್ಮ ಅಡುಗೆಮನೆಯ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದಳು. "ಅವನನ್ನ ಯಾಕೆ ನೋಡ್ತೀರಿ? ಪಾತ್ರೆ ತೊಳೆದ ನೀರು. ಬಾಡಿದ್ದಕ್ಕೆ ಹಾಕಿದೆ, ಬಾಡದೇ ಇದ್ದಿದ್ದಕ್ಕೆ ಹಾಕಲಿಲ್ಲ. ಇವಳ ಗಿಡಕ್ಕೆ ಒಂದು ತೊಟ್ಟೂ ಹಾಕಿಲ್ಲ."

"ಇವಳು ಅಂದ್ರೆ?"

"ನನ್ನ ಮಗಳು."

ಬದುವಿನ ಮೇಲೆ ಯಾರೋ ಕಿಸಕ್ಕೆಂದು ನಕ್ಕರು. ಅಧ್ಯಕ್ಷೆ ನಗಲಿಲ್ಲ. ಕನ್ನಡಕ ಇಳಿಸಿ ಮೂಗಿನ ಮೇಲೆ ಕೂರಿಸಿಕೊಂಡರು. "ಒಂದೊಂದು ಸಾಲಿಗೆ ಎಷ್ಟು ನೀರು ಹಾಕ್ತಿದ್ರಿ?"

"ಯಾರು ಅಳೆದ್ರು? ಬಾಡಿದ್ದನ್ನ ನೋಡಿ ಹಾಕ್ತಿದ್ದೆ."

"ಎಷ್ಟು ದಿನ?"

"ಪಾತ್ರೆ ತೊಳೆದ ದಿನವೆಲ್ಲಾ."

ಮೂವರೂ ಮರದ ನೆರಳಿಗೆ ಹೋಗಿ ತಲೆಗೆ ತಲೆ ಕೊಟ್ಟು ಮಾತಾಡಿದರು. ನಾನು ಬಿಸಿಲಿನಲ್ಲೇ ನಿಂತಿದ್ದೆ. ತಿರುಗಿ ಬಂದ ಅಧ್ಯಕ್ಷೆ ನನ್ನ ಕಡೆ ಒಂಥರಾ ಮೆತ್ತಗೆ ನೋಡಿದರು. ಆಗಲೇ ಗೊತ್ತಾಯಿತು, ಇದು ಆಗುವ ಮಾತಲ್ಲ ಎಂದು.

"ನೀವು ಹೇಳೋದನ್ನ ನಾನು ನಂಬ್ತೀನಿ. ಬೇಲಿ ಹತ್ರದ ತೆನೆಗಳನ್ನ ನೋಡಿದ್ರೆ ನಂಬಲೇಬೇಕು. ಆದರೆ ಅಳತೆಯಿಲ್ಲದ ನೀರನ್ನ ಇಟ್ಕೊಂಡು ರೈತರ ಕೈಗೆ ಬೀಜ ಕೊಡಿ ಅಂತ ನಾವು ಸಹಿ ಹಾಕೋಕಾಗಲ್ಲ. ಇನ್ನೊಂದು ಸಲ ಮಾಡಿ ತೋರಿಸಿ. ತಾಕು ನಿಮಗೇ ಇರಲಿ, ಹುಲ್ಲುಹಾಸು ಇನ್ನೆಲ್ಲಾದರೂ ಹೋಗಲಿ."

ಸಾಹೇಬರು ತಕ್ಷಣ ಸೇರಿಸಿದರು. "ಅಡುಗೆಮನೆ ಹಿಂಬಾಗಿಲಿಗೆ ಗೋಡೆ ಕಟ್ಟಿಸ್ತೀನಿ."

"ಗಾಳಿ ಬರೋದೇ ಆ ಬಾಗಿಲಿಂದ" ಎಂದಳು ಅಮ್ಮ. "ಒಳಗೆ ಬೇಯೋರು ನೀವಾ, ನಾನಾ?" ಸಾಹೇಬರು ಛತ್ರಿಯನ್ನು ಬಿಡಿಸಿಕೊಂಡು ಸಮಿತಿಯವರನ್ನು ಕಾರಿನ ಕಡೆ ಕರೆದುಕೊಂಡು ಹೋದರು.

ಇನ್ನೊಂದು ಸಲ. ಬಾಯಲ್ಲಿ ಹೇಳಲು ಎಷ್ಟು ಸುಲಭ. ತಮ್ಮ ಮತ್ತೆ ರಾಣಿಯನ್ನೇ ಬಿತ್ತುತ್ತಾನೆ. ಅವನೊಬ್ಬನೇ ಅಲ್ಲ, ಈ ಸುತ್ತಿನ ಎಲ್ಲರೂ. ಹೂ ಬಿಡುವ ವಾರದಲ್ಲಿ ಮಳೆ ಮತ್ತೆ ಕೈಕೊಟ್ಟರೆ ಅವರ ಬೊಕ್ಕ ತೆನೆಗಳಿಗೆ ಯಾವ ಸಮಿತಿಯೂ ಸಹಿ ಹಾಕಿರುವುದಿಲ್ಲ. ಮೊಂಡಿ ಶೈತ್ಯ ಕೋಣೆಯಲ್ಲಿ ನಡುಗುತ್ತಾ ಕೂತಿರುತ್ತಾಳೆ. ಅಧ್ಯಕ್ಷೆ ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ನೀರಣ್ಣ ಹತ್ತಿರ ಬಂದು ಕೈ ಚಾಚಿದ. ಕೀಲಿ ಗೊಂಚಲು ಕೊಟ್ಟೆ. ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ. ಕೆಲಸದವರು ಒಬ್ಬೊಬ್ಬರಾಗಿ ಊಟಕ್ಕೆ ಹೊರಟರು. ತಾಡಪತ್ರಿಯ ಮೇಲೆ ತೆನೆಗಳ ಗುಡ್ಡೆ ಹಾಗೇ ಇತ್ತು. ಬೇಲಿಯ ಹತ್ತಿರದ ಮೊಂಡಿ ತೆನೆಯೊಂದನ್ನು ಕೈಗೆತ್ತಿಕೊಂಡು ಬೇಲಿಯ ತುದಿಗೆ ಹೋಗಿ, ಹೆಬ್ಬೆರಳಿನಿಂದ ಕಾಳು ಸವರುತ್ತಾ ನಿಂತೆ. ಒಂದು ಹಲ್ಲೂ ತಪ್ಪಿರಲಿಲ್ಲ.

ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. ಒಳಗೆ ಎಲ್ಲರೂ ಊಟಕ್ಕೆ ಕಾಯುತ್ತಾ ತಟ್ಟೆ ಬಡಿಯುತ್ತಿದ್ದರು. ಸೌಟು ಬಿಟ್ಟು, ಕೈಯಲ್ಲಿ ಒಂದು ಲೋಟ ಹಿಡಿದುಕೊಂಡು, ಸಾಲುಗಳ ನಡುವೆ ವಾಲಾಡುತ್ತಾ ನನ್ನ ತನಕ ಬಂದಳು. ಆ ಮಂಡಿಯಲ್ಲಿ ಅವಳು ಬೇಲಿಯವರೆಗೆ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಕುಡಿ" ಅಂದಳು.

"ಬೇಡ. ನನಗೇನೂ ಆಗಿಲ್ಲ."

"ಆಗಿದೆಯಾ ಅಂತ ಕೇಳಿದ್ನಾ ನಾನು? ಕುಡಿ."

ಲೋಟ ತೆಗೆದುಕೊಂಡೆ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಅವಳ ಮುಖ ನೋಡದೆಯೇ ಕುಡಿದೆ. ಬೆಳಗ್ಗೆಯಿಂದ ಒಂದು ಗುಟುಕೂ ಕುಡಿದಿರಲಿಲ್ಲ ಎನ್ನುವುದು ನೀರು ಗಂಟಲಿಗೆ ಇಳಿದಾಗಲೇ ಗೊತ್ತಾದದ್ದು. ಅಮ್ಮ ಖಾಲಿ ಲೋಟ ಇಸಿದುಕೊಂಡು ತಿರುಗಿ ನಾಲ್ಕು ಹೆಜ್ಜೆ ಹೋಗಿದ್ದಳು.

"ಅಮ್ಮ" ಎಂದು ಕರೆದೆ, ಒಳಗೆ ತಟ್ಟೆ ಬಡಿಯುತ್ತಿದ್ದವರಿಗೆಲ್ಲಾ ಕೇಳುವ ಹಾಗೆ. "ಇನ್ನೊಂದು ಲೋಟ ಬೇಕು."